ಎಲ್ಲರ ಆಟ, ಕೆಲವರ ಆಯ್ಕೆ

ಸದ್ಭಕ್ತರೇ, ಪಂಕ್ತಿಭೇದವು ಪಾಪವೆಂಬುದನ್ನು ತಾವು ಬಾಲ್ಯದಿಂದಲೇ ಕೇಳುತ್ತ ಬಂದಿದ್ದೀರಿ. ಮಠದ ದಾಸೋಹದಲ್ಲಿ ಕುಳಿತವನು ಜಮೀನುದಾರನೋ ಕೂಲಿಯವನೋ ಎಂದು ಬಡಿಸುವವನು ಕೇಳುವುದಿಲ್ಲ. ಒಬ್ಬನ ಎಲೆಗೆ ತುಪ್ಪ, ಇನ್ನೊಬ್ಬನ ಎಲೆಗೆ ಬರಿಯ ಸಾರು ಎಂಬುದು ಅಲ್ಲಿ ಸಲ್ಲದು. ಆದರೆ ಅದೇ ಮಠದ ಪಾಠಶಾಲೆಯಲ್ಲಿ ಗುರುಗಳು ಚುರುಕಾದ ವಿದ್ಯಾರ್ಥಿಗೆ ಮುಂದಿನ ಪಾಠವನ್ನು ಹೇಳುತ್ತಾರೆ, ಉಳಿದವರಿಗೆ ಹಿಂದಿನದನ್ನೇ ತಿದ್ದಿಸುತ್ತಾರೆ. ಅದನ್ನು ಯಾರೂ ಪಂಕ್ತಿಭೇದವೆನ್ನುವುದಿಲ್ಲ. ಹಾಗಾದರೆ ಯಾವುದು ಊಟದ ಪಂಕ್ತಿ, ಯಾವುದು ಪಾಠದ ತರಗತಿ? ಈ ಪ್ರಶ್ನೆಯು ಬಹು ದೂರದ ಒಂದು ಆಟದ ಬಯಲಿನಿಂದ ನಮ್ಮಲ್ಲಿಗೆ ಬಂದಿತು.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಓದಿ ಈಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಭಕ್ತರೊಬ್ಬರು ತಮ್ಮ ಊರಿನ ಮಕ್ಕಳಿಗೆ ಕಾಲ್ಚೆಂಡಾಟವನ್ನು ಕಲಿಸುತ್ತಾರೆ. ಆ ದೇಶದಲ್ಲಿ ಅದಕ್ಕೆ ಸಾಕರ್ ಎಂದು ಹೆಸರು. 1964ರಲ್ಲಿ ಅದೇ ರಾಜ್ಯದ ಟೊರೆನ್ಸ್ ಪಟ್ಟಣದಲ್ಲಿ ಹುಟ್ಟಿದ ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಷನ್ ಎಂಬ ಸಂಸ್ಥೆಯ ಪದ್ಧತಿಯಂತೆ, ಆಡಲು ಮನಸ್ಸುಳ್ಳ ಯಾವ ಮಗುವೂ ಹೆಸರು ನೋಂದಾಯಿಸಬಹುದು. ತಂಡ ಸೇರಿದ ಮಗುವು ಪ್ರತಿಯೊಂದು ಪಂದ್ಯದಲ್ಲಿಯೂ ಕನಿಷ್ಠ ಅರ್ಧ ಭಾಗ ಆಡಲೇಬೇಕು. ತಂಡಗಳ ಬಲಾಬಲಗಳು ಸಮನಾಗುವಂತೆ ಮಕ್ಕಳನ್ನು ಹಂಚಬೇಕು. ಕಲಿಸುವವರೂ ತೀರ್ಪು ಕೊಡುವವರೂ ಬಹುಮಟ್ಟಿಗೆ ಮಕ್ಕಳ ತಂದೆತಾಯಂದಿರೇ; ಸಂಬಳವಿಲ್ಲ. ಇದನ್ನು ತಿಳಿದಾಗ ನಮಗೆ ದಾಸೋಹದ ನೆನಪಾದುದು ಸಹಜವೇ.

ಆದರೆ ಆಟದಲ್ಲಿ ಮುಂದಿರುವ ಮಗುವಿಗೆ ಇಷ್ಟು ಸಾಲದು. ಅದು ತನಗೆ ಸಮಾನರಾದವರನ್ನು ಹುಡುಕುತ್ತದೆ. ಸಿಗದಿದ್ದರೆ ವರ್ಷಕ್ಕೆ ಸಾವಿರಾರು ಡಾಲರ್ ಬೇಡುವ ಖಾಸಗಿ ಕ್ಲಬ್ಬಿಗೆ ಹೋಗುತ್ತದೆ. ಬಡವರ ಮಗುವಾದರೆ ಹಾಗೆಯೇ ಉಳಿಯುತ್ತದೆ. ಆದಕಾರಣ ಸಮುದಾಯದ ಲೀಗಿನೊಳಗೇ ಸ್ಪರ್ಧೆಗಾಗಿ ಆಯ್ದ ತಂಡವೊಂದನ್ನು ಕಟ್ಟುವುದುಂಟು. ನಮ್ಮ ಭಕ್ತರಿಗೆ ಆ ಹೊಣೆ ಬಂದಿತು. ಒಂಬತ್ತು ವರ್ಷದ ಹುಡುಗರು. ಬಂದವರು ಹಲವರು, ಸ್ಥಾನಗಳು ಕೆಲವೇ. ಕೊನೆಯ ಒಂದು ಸ್ಥಾನಕ್ಕೆ ಇಬ್ಬರು ಸರಿಸಮನಾಗಿ ನಿಂತರು. ಅವರಲ್ಲೊಬ್ಬ ಇವರ ಮಗ. ಇವರು ಮಗನನ್ನೇ ಆರಿಸಿದರು. ಇನ್ನೊಬ್ಬ ಹುಡುಗನು ಅಂದಿನಿಂದ ಬಯಲಿಗೇ ಬರಲಿಲ್ಲ. ತನಗೆ ಹಕ್ಕಾಗಿದ್ದ ಸಾಮಾನ್ಯ ತಂಡವನ್ನೂ ಬಿಟ್ಟನು. “ಬುದ್ಧೀ, ನಾನು ನಿಯಮದಂತೆ ನಡೆದೆ. ಆದರೂ ನಿದ್ರೆ ಬರುತ್ತಿಲ್ಲ” ಎಂದು ಅವರು ಬರೆದರು.

ಆಯ್ಕೆ ಮಾಡುವುದೇ ಅಧರ್ಮವೆಂದು ನಾವು ಹೇಳಲಾರೆವು. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ರಾಜನೀತಿಯ ಗ್ರಂಥದಲ್ಲಿ ಕೊಳಲುಗಳ ಹಂಚಿಕೆಯ ಮಾತನ್ನೆತ್ತುತ್ತಾನೆ. ಶ್ರೇಷ್ಠವಾದ ಕೊಳಲು ಕುಲೀನನಿಗಲ್ಲ, ಸುಂದರನಿಗಲ್ಲ, ಚೆನ್ನಾಗಿ ನುಡಿಸಬಲ್ಲವನಿಗೇ ಸಲ್ಲಬೇಕೆಂದು ಅವನ ವಾದ. ಕುಲವನ್ನು ಬದಿಗಿಟ್ಟು ಕಾಯಕವನ್ನು ಮುಂದಿಟ್ಟ ಶರಣರ ಪರಂಪರೆಯವರಾದ ನಮಗೂ ಇದು ಒಪ್ಪಿಗೆಯಾಗುವ ಮಾತೇ. ಆದರೆ ಒಂಬತ್ತು ವರ್ಷದವನು ಕೊಳಲುಗಾರನಾಗಿಬಿಟ್ಟಿದ್ದಾನೆಯೆ? ಅವನ ಕೈಗೆ ಕೊಳಲು ಬಂದು ಎಷ್ಟು ದಿನವಾಯಿತು?

ಇಲ್ಲಿ ಒಂದು ಸಂಗತಿಯನ್ನು ತಾವು ಗಮನಿಸಬೇಕು. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್‌ಸ್ಲಿ ಎಂಬವರು 1980ರ ದಶಕದಲ್ಲಿ ಆ ದೇಶದ ಹಾಕಿ ಆಟಗಾರರ ಜನ್ಮದಿನಗಳನ್ನು ಪರಿಶೀಲಿಸಿದಾಗ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಕಂಡುಬಂದರು. ವಯೋಗುಂಪಿನ ಲೆಕ್ಕ ಜನವರಿಯಿಂದ ಆರಂಭವಾಗುವುದರಿಂದ, ಜನವರಿಯವನು ಡಿಸೆಂಬರಿನವನಿಗಿಂತ ಸುಮಾರು ಒಂದು ವರ್ಷಕ್ಕೆ ಹಿರಿಯ. ಎತ್ತರದಲ್ಲಿ, ಓಟದಲ್ಲಿ ಮುಂದು. ಆರಿಸುವವನು ಆ ಎತ್ತರವನ್ನು ಪ್ರತಿಭೆಯೆಂದು ಭ್ರಮಿಸುತ್ತಾನೆ. ಆಯ್ಕೆಯಾದವನಿಗೆ ಒಳ್ಳೆಯ ಗುರು, ಹೆಚ್ಚಿನ ಅಭ್ಯಾಸ ದೊರೆಯುತ್ತವೆ. ಕೊನೆಗೆ ಆ ಭ್ರಮೆಯೇ ನಿಜವಾಗುತ್ತದೆ. ಕಾಲ್ಚೆಂಡಾಟದಲ್ಲಿಯೂ ಇಂಥದೇ ಕಂಡುಬಂದಿದೆ. ನಾವು ಇಬ್ಬರು ಹುಡುಗರ ಜನ್ಮಮಾಸಗಳನ್ನು ಕೇಳಿ ಬರೆದೆವು. ಭಕ್ತರ ಮಗನು ಹತ್ತು ತಿಂಗಳಿಗೆ ಹಿರಿಯನೆಂದು ಉತ್ತರ ಬಂದಿತು. ಅವರು ಸರಿಸಮವೆಂದು ತೂಗಿದ್ದು ನಿಜವಾಗಿ ಸರಿಸಮವಾಗಿತ್ತೆ ಎಂಬುದನ್ನು ತಾವೇ ಯೋಚಿಸಿರಿ.

ನಾವೇನು ಮೇಲಲ್ಲ. ವಿದ್ಯಾರ್ಥಿನಿಲಯದ ವಾರ್ಷಿಕೋತ್ಸವದಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ರಾತ್ರಿ ಹನ್ನೊಂದರವರೆಗೆ ಪಾತ್ರೆ ತೊಳೆದ ಹುಡುಗನು ಸಭೆಯ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಾನೆ.

ಆಯ್ದ ತಂಡವು ಯಾವಾಗ ಪಂಕ್ತಿಭೇದವಾಗುತ್ತದೆ? ಎಲ್ಲರ ಪಾಲಿನದನ್ನು ಕಿತ್ತು ಕೆಲವರ ಎಲೆಗೆ ಬಡಿಸಿದಾಗ ಎಂದು ನಮ್ಮ ಅಭಿಪ್ರಾಯ. ಅನುಭವವುಳ್ಳ ಶಿಕ್ಷಕರು, ಹುಲ್ಲು ಚೆನ್ನಾಗಿರುವ ಬಯಲು, ಸಂಜೆಯ ಅನುಕೂಲವಾದ ವೇಳೆ ಇವೆಲ್ಲ ಆಯ್ದವರಿಗೇ ಹೋದರೆ, ಸಾಮಾನ್ಯ ಲೀಗು ಉಳಿಕೆಯವರ ಬಿಡಾರವಾಗುತ್ತದೆ. ಇದು ಯಾರೂ ಕೆಡುಕನ್ನು ಬಯಸದೆಯೇ ನಡೆದುಹೋಗುವಂಥದು. ಚುರುಕಾದ ಮಕ್ಕಳ ತಂದೆತಾಯಂದಿರೇ ಉತ್ಸಾಹಿಗಳು. ಅವರು ತಮ್ಮ ಮಕ್ಕಳ ಹಿಂದೆ ಹೊರಟರೆ ಅಡುಗೆಮನೆಯೇ ಬರಿದಾಗುತ್ತದೆ. ಆದುದರಿಂದ ಆಯ್ದ ತಂಡಕ್ಕೆ ಕಲಿಸುವವನು ಸಾಮಾನ್ಯ ತಂಡವೊಂದಕ್ಕೂ ಕಲಿಸಬೇಕು. ಆಯ್ದ ತಂಡದಲ್ಲಿಯೂ ಅರ್ಧ ಆಟದ ನಿಯಮವನ್ನು ಬಿಡಕೂಡದು. ಗೆಲುವಿಗಾಗಿ ಮಗುವೊಂದನ್ನು ಇಡೀ ಪಂದ್ಯ ಹೊರಗೆ ಕೂರಿಸುವುದಾದರೆ ಅದನ್ನು ಆರಿಸಿದ್ದೇಕೆ?

ಗೆಲುವೂ ಒಂದು ಪದಾರ್ಥವೇ. ಅರ್ಪಿತವಾದ ಪದಾರ್ಥವು ಪ್ರಸಾದವೆಂಬುದು ನಮ್ಮ ಸಿದ್ಧಾಂತ. ಮಗುವು ತನ್ನ ಓಟವನ್ನು, ಚೆಂಡನ್ನು ಗೆಳೆಯನಿಗೆ ದಾಟಿಸುವ ಜಾಣತನವನ್ನು ತಂಡಕ್ಕೆ ಅರ್ಪಿಸುತ್ತದೆ. ಬದಿಯಲ್ಲಿ ನಿಂತು ಕೂಗುವ ಹಿರಿಯನೇ ಅದನ್ನು ಕಸಿದು ತನ್ನ ಬಾಯಿಗೆ ಹಾಕಿಕೊಳ್ಳುತ್ತಾನೆ.

ಇನ್ನು ಮಗನ ವಿಷಯ. ತಂದೆಯು ತನ್ನ ಮಗನಿರುವ ಪರೀಕ್ಷೆಯಲ್ಲಿ ಅಂಕ ಹಾಕಬಾರದು. ಇದಕ್ಕೆ ಶಾಸ್ತ್ರ ಬೇಡ. ಅವರು ನಿಯಮದಂತೆ ನಡೆದಿರಬಹುದು, ಆದರೆ ಆ ನಿಯಮದಲ್ಲೇ ಕೊರತೆಯಿತ್ತು. ಮುಂದಿನ ವರ್ಷದಿಂದ ಆಯ್ಕೆಯನ್ನು ಬೇರೆಯವರಿಗೆ ಒಪ್ಪಿಸುವಂತೆಯೂ, ಮೊದಲು ಆ ಹುಡುಗನ ಮನೆಗೆ ಹೋಗಿ ಅವನನ್ನು ಬಯಲಿಗೆ ಕರೆಯುವಂತೆಯೂ ಬರೆದೆವು. ಮಗನನ್ನು ತಂಡದಿಂದ ತೆಗೆಯಬೇಕೆ ಎಂದು ಅವರು ಕೇಳಿದ್ದರು. ಬೇಡವೆಂದೆವು, ತಂದೆಯ ತಪ್ಪಿಗೆ ಮಗುವಿಗೆ ದಂಡವೇಕೆ?

ಅವರು ಹೋಗಿದ್ದರಂತೆ. ಹುಡುಗನು ಬಾಗಿಲಿಗೆ ಬರಲಿಲ್ಲವೆಂದೂ, ಅವನ ತಾಯಿ ಕುಳ್ಳಿರಿಸಿ ಚಹಾ ಕೊಟ್ಟರೆಂದೂ ಬರೆದಿದ್ದಾರೆ. ಬರುವ ಶನಿವಾರ ಮಗನನ್ನೂ ಕರೆದುಕೊಂಡು ಮತ್ತೆ ಹೋಗುವರಂತೆ.