ಬಿಚ್ಚಿ ನೋಡದವನ ನಂಬಿಕೆ

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲನೆಯ ಪಾಠ. ಸಂಸ್ಕೃತ ಪಾಠಶಾಲೆಯಲ್ಲಿ ಆ ಬೆಟ್ಟ, ಆ ಹೊಗೆ, ಆ ಅಡುಗೆಮನೆಯ ದೃಷ್ಟಾಂತಗಳನ್ನು ಕಂಠಪಾಠ ಮಾಡುತ್ತಿದ್ದಾಗ, ಇದರಿಂದ ಲೋಕಕ್ಕೇನು ಪ್ರಯೋಜನವೆಂದು ನಾವು ಮನಸ್ಸಿನಲ್ಲಿಯೇ ಗೊಣಗಿಕೊಂಡದ್ದುಂಟು. ಉತ್ತರವು ದೊರೆತದ್ದು ಅನೇಕ ವರ್ಷಗಳ ತರುವಾಯ, ವಿಜಯಪುರದ ಒಂದು ಗ್ಯಾರೇಜಿನಲ್ಲಿ, ಮಠದ ಜೀಪು ದುರಸ್ತಿಯಾಗುವವರೆಗೆ ಕಾದು ಕುಳಿತಾಗ.

ಅಲ್ಲಿಯ ಹಿರಿಯ ಮಿಸ್ತ್ರಿಗಳು ಹೆಚ್ಚು ಅಕ್ಷರ ಕಲಿತವರಲ್ಲ. ಆದರೆ ಟ್ರ್ಯಾಕ್ಟರೊಂದು ಅಂಗಳಕ್ಕೆ ಬಂದೊಡನೆ ಅವರು ಮೊದಲು ನೋಡಿದ್ದು ಅದರ ಹೊಗೆಯ ಬಣ್ಣವನ್ನು. ಕಪ್ಪಾದರೆ ಗಾಳಿ ಸಾಲದು, ಇಲ್ಲವೆ ಡೀಸೆಲ್ ಮಿತಿಮೀರಿ ಹೋಗುತ್ತಿದೆ. ನೀಲಿಯಾದರೆ ಸಿಲಿಂಡರಿನೊಳಗೆ ಇಂಜಿನ್ ಆಯಿಲ್ ಸುಡುತ್ತಿದೆ. ಪಿಸ್ಟನ್ನಿನ ರಿಂಗುಗಳು ಸವೆದಿರಬೇಕು. ಬಿಳಿಯಾದರೆ ಸುಡದೆ ಉಳಿದ ಡೀಸೆಲ್, ಅಥವಾ ಒಳಗೆ ಸೇರಿದ ನೀರು. ಆ ಮುಂಜಾನೆ ಬಂದದ್ದು ಬಿಳಿ ಹೊಗೆ. ಕಲಿಯುವ ಹುಡುಗನು ಪಾನಾ ಕೈಗೆತ್ತಿಕೊಂಡನು. ಮಿಸ್ತ್ರಿಗಳು, "ತಡಿಯೋ, ಥಂಡಿ ಇಂಜಿನ್ ಐತಿ, ಮೊದಲ ಕಾಯಲಿ" ಎಂದರು. ಹತ್ತು ನಿಮಿಷದಲ್ಲಿ ಹೊಗೆ ತಾನಾಗಿಯೇ ಅಡಗಿತು. ಇದನ್ನೇ ನೈಯಾಯಿಕರು ವ್ಯಭಿಚಾರಿ ಹೇತುವೆಂದು ಕರೆದರು: ಗುರುತು ಇದೆ, ಆದರೆ ಅದು ಒಂದೇ ಕಾರಣವನ್ನು ಸೂಚಿಸುವುದಿಲ್ಲ.

ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಲೇಬೇಕೆಂಬ ನಿಯಮವಿಲ್ಲವೆಂದೂ ಅವರು ಬಲ್ಲರು. ಹಸಿ ಕಟ್ಟಿಗೆ ಸೇರಿದಾಗ ಮಾತ್ರ ಹೊಗೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಡೀಸೆಲ್ ಇಂಜಿನ್ನು ನಮ್ಮ ಕಾಲದ ಕಾದ ಗುಂಡು. ಅದರಲ್ಲಿ ಕಿಡಿಯಿಲ್ಲ, ಗಾಳಿಯನ್ನು ಅದರ ಗಾತ್ರದ ಹದಿನಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಇಂಧನವು ಹೊತ್ತಿಕೊಳ್ಳುತ್ತದೆ. ಎಲ್ಲವೂ ಸರಿಯಿದ್ದರೆ ಕಣ್ಣಿಗೆ ಹೊಗೆ ಕಾಣದು.

ಇಷ್ಟೆಲ್ಲ ಪೀಠಿಕೆಯು ಒಂದು ನೈತಿಕ ಪ್ರಶ್ನೆಗಾಗಿ. ಮಿಸ್ತ್ರಿಯ ಬಳಿ ಅನುಮಾನಪ್ರಮಾಣವಿದೆ; ಬಿಚ್ಚಿ ನೋಡಿದ ಮೇಲೆ ಪ್ರತ್ಯಕ್ಷವೂ ಇದೆ. ಗಾಡಿಯ ಧಣಿಯ ಬಳಿ ಏನಿದೆ? ಮಿಸ್ತ್ರಿಯ ಮಾತು ಮಾತ್ರ. ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರನು ಚಾಟಣಿಯ ನಂತರ ಮಳೆ ಹಿಡಿದರೆ ಗಡಿಬಿಡಿಯಿಂದ ಔಷಧ ಹೊಡೆಯಬೇಕು. ಆಗ ಟ್ರ್ಯಾಕ್ಟರು ಎರಡು ದಿನ ನಿಂತರೆ ಬೂಜುರೋಗವು ಕಾಯುವುದಿಲ್ಲ. ಬಬಲೇಶ್ವರದ ಎರೆ ಭೂಮಿಯಲ್ಲಿ ಹದ ತಪ್ಪಿದರೆ ಬಿಳಿಜೋಳದ ಬಿತ್ತನೆಯೇ ತಪ್ಪುತ್ತದೆ. ಅಂಥವನಿಗೆ "ಕ್ಲಚ್ ಪ್ಲೇಟು ಹೋಗೇತಿ" ಎಂದರೆ ಅವನು ಒಪ್ಪಲೇಬೇಕು. ಗೇರ್‌ಬಾಕ್ಸಿನೊಳಗೆ ಇಣುಕಿ ನೋಡುವ ಕಣ್ಣು ಅವನಿಗಿಲ್ಲ. ಇದು ಶಬ್ದಪ್ರಮಾಣ, ಅದಕ್ಕೆ ಆಪ್ತನೇ ಆಧಾರ. ಆಪ್ತನೆಂದರೆ ವಿಷಯವನ್ನು ಸ್ವತಃ ಬಲ್ಲವನು ಮತ್ತು ಕಂಡದ್ದನ್ನು ಕಂಡಂತೆಯೇ ತಿಳಿಸಲು ಇಚ್ಛಿಸುವವನು. ಈ ಲಕ್ಷಣವು ಋಷಿಗೂ ಪರದೇಶೀಯನಿಗೂ ಸಮಾನವೆಂದು ನ್ಯಾಯಭಾಷ್ಯಕಾರ ವಾತ್ಸ್ಯಾಯನನು ಹೇಳಿದ್ದಾನೆ. ಮಿಸ್ತ್ರಿಯನ್ನು ಹೊರಗಿಡಲು ಕಾರಣವಿಲ್ಲ. (ನಮ್ಮ ಪ್ರವಚನಗಳನ್ನೂ ಭಕ್ತರು ಬಿಚ್ಚಿ ನೋಡುವುದಿಲ್ಲ, ಆದುದರಿಂದ ಈ ಪ್ರಶ್ನೆಯು ನಮ್ಮನ್ನೂ ಬಿಟ್ಟಿಲ್ಲ.)

ಆಪ್ತತ್ವದ ಎರಡು ಅರ್ಧಗಳಲ್ಲಿ ಮೊದಲನೆಯದನ್ನು ಕಲಿಸಲು ದೇಶವು ವ್ಯವಸ್ಥೆ ಮಾಡಿದೆ. 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಆರಂಭವಾಯಿತು. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂದಿತು. ಐ.ಟಿ.ಐ.ಗಳಲ್ಲಿ ಡೀಸೆಲ್ ಮೆಕ್ಯಾನಿಕ್, ಮೋಟಾರು ವಾಹನ ಮೆಕ್ಯಾನಿಕ್ ಮೊದಲಾದ ಶಿಕ್ಷಣಗಳು ನಡೆಯುತ್ತಿವೆ. 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಯಾದ ಮೇಲೆ ಹೊಸ ವಾಹನಗಳ ಇಂಜಿನ್ನಿನಲ್ಲಿ ಸೆನ್ಸರುಗಳೂ ಗಣಕಯಂತ್ರದ ಪಾತ್ರವೂ ಇನ್ನಷ್ಟು ಹೆಚ್ಚಿ, ಪರೀಕ್ಷೆಗೆ ಸ್ಕ್ಯಾನರು ಬೇಕೇ ಬೇಕಾಗಿದೆ. ಹುಡುಗರು ಅದರ ಸಂಕೇತವನ್ನು ವೇದವಾಕ್ಯವೆಂದು ತಿಳಿದು, ಹೆಸರು ಬಂದ ಬಿಡಿಭಾಗವನ್ನು ಬದಲಾಯಿಸಿ ಕೈ ತೊಳೆದುಕೊಳ್ಳುವುದುಂಟು. ಸಂಕೇತವು ವ್ಯತ್ಯಾಸ ಎಲ್ಲಿ ಕಾಣಿಸಿತೆಂದು ಹೇಳುತ್ತದೆ, ಕಾರಣವನ್ನಲ್ಲ. ಅದೂ ಹೊಗೆಯೇ.

ಎರಡನೆಯ ಅರ್ಧದ ಮಾತು ಬೇರೆ. ನಮ್ಮ ಪ್ರಸಾದನಿಲಯದಲ್ಲಿ ಉಂಡು ಬೆಳೆದು, ಡೀಸೆಲ್ ಶಿಕ್ಷಣ ಮುಗಿಸಿ, ಒಂದು ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತ ತರುಣನೊಬ್ಬನು ಒಂದು ರಾತ್ರಿ ಮಠಕ್ಕೆ ಬಂದನು. ಒಣದ್ರಾಕ್ಷಿಯನ್ನು ತಾಸಗಾಂವದ ಪೇಟೆಗೆ ಒಯ್ಯುವ ಸರಕಿನ ಗಾಡಿಯೊಂದರ ಡಿಫರೆನ್ಷಿಯಲ್ಲನ್ನು ಅವನು ಜೋಡಿಸಿದ್ದನು. ಅದರ ಕ್ರೌನ್ ಚಕ್ರಕ್ಕೂ ಪಿನಿಯನ್ನಿಗೂ ನಡುವೆ ಬಿಡಬೇಕಾದ ಸಡಿಲು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು ಮಾತ್ರ. ಬಿಗಿಯಾದರೆ ಹಲ್ಲು ಕಾದು ಕೆಡುತ್ತದೆ. ಸಡಿಲಾದರೆ ಹೊಡೆತ ತಿಂದು ಮುರಿಯುತ್ತದೆ. ಅದನ್ನು ಡಯಲ್ ಗೇಜಿನಿಂದ ಅಳೆಯಬೇಕು. ಆ ದಿನ ಗೇಜು ಎಲ್ಲಿಯೋ ಹೋಗಿತ್ತು, ಧಣಿಗೆ ಅವಸರ. ಕೈಯಿಂದ ಅಲುಗಿಸಿ ನೋಡಿ, ಸರಿಯಿದೆಯೆಂದು ಮುಚ್ಚಿ, ಆಯಿಲ್ ತುಂಬಿ ಕಳುಹಿಸಿದ್ದನು. ಗೇಜು ಇಟ್ಟು ನೋಡಿದಿರಾ ಎಂದು ಯಾರೂ ಕೇಳಿರಲಿಲ್ಲ.

"ಅಪ್ಪಾವರೆ, ಆರು ತಿಂಗಳ ಮ್ಯಾಲ ಮುರದರ ಯಾರೂ ನನಗ ಅನ್ನೂದಿಲ್ಲ. ಆದರ ನಿದ್ದಿ ಬರವಲ್ದು" ಎಂದನು.

ಗಾಡಿಯನ್ನು ಮರಳಿ ಕರೆಸಿ ಬಿಚ್ಚೆಂದು ನಾವು ಹೇಳಿದೆವು. ಹೇಳುವ ಮೊದಲು ತುಸು ತಡೆದದ್ದು ನಿಜ. ಅವನ ಮನೆಯಲ್ಲಿ ತಾಯಿಯಿದ್ದಾಳೆ, ಕೆಲಸವು ಹೊಸದು. ಸಂಸಾರವಿಲ್ಲದ ಸನ್ಯಾಸಿಗೆ ಇಂಥ ಸಲಹೆ ಸುಲಭ. ಬೆಲೆ ತೆರುವವನು ಬೇರೆಯವನು. ಕಾಯಕವೆಂಬ ಮಾತನ್ನು ಸಭೆಗಳಲ್ಲಿ ಸಾಕಷ್ಟು ಸವೆಸಿದ್ದೇವೆ. ಅಂದು ಅದನ್ನು ಬಾಯಿಗೆ ತರಲು ಸಂಕೋಚವಾಯಿತು.

ಅವನು ಹೋದನು. ಗಾಡಿಯನ್ನು ಕರೆಸಿದನು, ಆಯಿಲ್ ಇಳಿಸಿದನು, ಬೇರೆ ಗ್ಯಾರೇಜಿನಿಂದ ಗೇಜು ತಂದು ಅಳೆದನು. ಅಳತೆಯು ಸರಿಯಾಗಿತ್ತು!

ಈಗ ವಾಚಕರು ಕೇಳಬಹುದು: ಹಾಗಾದರೆ ಬಿಚ್ಚಿದ್ದು ವ್ಯರ್ಥವಲ್ಲವೇ? ಗಾಡಿಯ ಧಣಿಯೂ ಹಾಗೆಯೇ ಬೈದನಂತೆ. ಅವನ ಅರ್ಧ ದಿನವು ಹಾಳಾಯಿತು. ಫಲವೊಂದನ್ನೇ ತೂಗುವವರ ಲೆಕ್ಕದಲ್ಲಿ ಮೊದಲಿನ ಕೆಲಸಕ್ಕೂ ಎರಡನೆಯದಕ್ಕೂ ವ್ಯತ್ಯಾಸವೇ ಇಲ್ಲ. ಅದೇ ಹಲ್ಲು, ಅದೇ ಸಡಿಲು. ನಾವು ಇದನ್ನು ಒಪ್ಪುವುದಿಲ್ಲ. ಹುಳುವು ಕಟ್ಟಿಗೆಯನ್ನು ಕೊರೆಯುತ್ತ ಹೋದಾಗ ಒಮ್ಮೆ ಅಕ್ಷರವೊಂದು ಮೂಡಬಹುದು. ಅದಕ್ಕೆ ಘುಣಾಕ್ಷರ ನ್ಯಾಯವೆಂದು ಹೆಸರು. ಅಕ್ಷರವು ಸರಿಯಾಗಿದೆ, ಆದರೆ ಹುಳುವು ಬರೆಯಬಲ್ಲದೆಂದು ಯಾರೂ ಹೇಳರು. ಪಳಗಿದ ಕೈಯ ಅಂದಾಜನ್ನು ಹುಳುವಿಗೆ ಹೋಲಿಸುವುದು ಅತಿಯಾಯಿತೆಂದರೆ ಒಪ್ಪುತ್ತೇವೆ. ಮೂವತ್ತು ವರ್ಷ ದುಡಿದ ಮಿಸ್ತ್ರಿಗಳ ಬೆರಳೇ ಒಂದು ಗೇಜು. ಎರಡು ವರ್ಷದ ಬೆರಳು ಇನ್ನೂ ಅಲ್ಲ, ಅದು ತರುಣನಿಗೆ ಗೊತ್ತಿತ್ತು. ಗೊತ್ತಿದ್ದೂ "ಸರಿಯಿದೆ" ಎಂದಿದ್ದನು. ಧಣಿಯು ಹಣ ಕೊಟ್ಟದ್ದು ಹಲ್ಲುಗಳ ನಡುವಿನ ಸಡಿಲಿಗೆ ಮಾತ್ರವಲ್ಲ, ಒಬ್ಬನು ಅದನ್ನು ತನ್ನ ಪರವಾಗಿ ತಿಳಿದುಕೊಂಡಿದ್ದಾನೆಂಬುದಕ್ಕೆ. ಮೊದಲ ದಿನ ಅವನಿಗೆ ಅದು ಸಿಕ್ಕಿರಲಿಲ್ಲ.

ಹೀಗಿರುವಾಗ ತರಬೇತಿಯಲ್ಲಿ ಮುಗಿದ ಕೆಲಸವನ್ನು ಮಾತ್ರ ನೋಡಿ ಅಂಕ ಕೊಡುವುದು ಸಾಲದು. ಮುಚ್ಚುವ ಮೊದಲು ತಾನು ಕಂಡ ಅಳತೆಯನ್ನು ವಿದ್ಯಾರ್ಥಿಯು ಬರೆದಿಡಲಿ. ಬಳಿಕ ಮತ್ತೊಬ್ಬನು ಬಿಚ್ಚಿ ಅಳೆಯಲಿ. ಅಳೆಯದಿದ್ದರೆ "ಅಳೆದಿಲ್ಲ" ಎಂದು ಬರೆಯುವುದಕ್ಕೂ ಅಲ್ಲಿ ಜಾಗವಿರಲಿ, ಮತ್ತು ಹಾಗೆ ಬರೆದವನನ್ನು ನಗೆಗೀಡು ಮಾಡದಿರಲಿ. ಗ್ಯಾರೇಜು ನಡೆಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಐ.ಟಿ.ಐ. ಮುಗಿಸಿದವರನ್ನು ಅಪ್ರೆಂಟಿಸರನ್ನಾಗಿ ತೆಗೆದುಕೊಂಡಾಗ ಇದನ್ನು ಮಾಡಿ ನೋಡಬಹುದು.

ಆ ಅರ್ಧ ದಿನದ ನಷ್ಟವನ್ನು ಯಾರು ಹೊರಬೇಕಿತ್ತೆಂಬುದು ಮಾತ್ರ ನಮಗೆ ಇಂದಿಗೂ ಬಗೆಹರಿದಿಲ್ಲ. ಗೇಜನ್ನು ಸ್ಥಳದಲ್ಲಿ ಇಡದ ಗ್ಯಾರೇಜೇ? ಅವಸರ ಮಾಡಿದ ಗಾಡಿಯ ಧಣಿಯೇ? ಗ್ಯಾರೇಜಿನವರು ಅದನ್ನು ತರುಣನ ಪಗಾರದಲ್ಲಿ ಹಿಡಿದರು. ಮುಂದಿನ ತಿಂಗಳು ಅವನು ಸ್ವಂತ ಹಣದಿಂದ ಡಯಲ್ ಗೇಜೊಂದನ್ನು ಕೊಂಡು, ಡಬ್ಬಿಯ ಮೇಲೆ ಹೆಸರು ಬರೆದಿಟ್ಟಿದ್ದಾನೆ. ಬೇರೆಯವರು ಕೇಳಿದರೆ ಕೊಡುತ್ತಾನೆ, ಸಂಜೆಯೊಳಗೆ ಮರಳಿಸಬೇಕಷ್ಟೆ.