ಕೊಟ್ಟ ಮಾತು ಎಲ್ಲಿ ಉಳಿಯುತ್ತದೆ?

ನಮ್ಮ ಕಾಫಿ ಸೀಮೆಯಲ್ಲಿ ಕೊಯ್ಲು ಮುಗಿಯುತ್ತಾ ಬಂದಂತೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಗಳು ಶುರುವಾಗುತ್ತವೆ. ಬಣಕಲ್, ಕೊಟ್ಟಿಗೆಹಾರ, ಹಿರೇಬೈಲು, ಕಳಸ ಎಂದು ಒಂದಾದ ಮೇಲೊಂದು ಊರಿನ ಬ್ಯಾನರುಗಳು ಬಸ್ ನಿಲ್ದಾಣಗಳಲ್ಲಿ ಕಾಣಿಸಿಕೊಳ್ಳುತ್ತವೆ. ತೋಟದ ಕಾರ್ಮಿಕರ ಮಕ್ಕಳು, ಜೀಪ್ ಓಡಿಸುವವರು, ಮೀನಿನ ಅಂಗಡಿಯವರು, ಕಾಲೇಜು ಹುಡುಗರು ಎಲ್ಲರೂ ಒಂದೇ ಅಂಕಣದಲ್ಲಿ ಆಡುತ್ತಾರೆ. ಬೆಳಗಿನ ಜಾವ ಮಂಜು ಇಳಿದು ಚೆಂಡು ಒದ್ದೆಯಾಗುವವರೆಗೂ ಆಟ ನಡೆಯುತ್ತದೆ.

2022ರ ಫೆಬ್ರವರಿಯ ಅಂಥ ಒಂದು ರಾತ್ರಿ ನಮ್ಮ ತಂಗಿಯ ಮಗನ ಆಟವನ್ನು ಅಪರಿಚಿತರೊಬ್ಬರು ಕೊನೆಯವರೆಗೂ ಕುಳಿತು ನೋಡಿದರು. ಮರುದಿನ ಬೆಳಿಗ್ಗೆ ಅವರು ತಂಗಿಯ ಮನೆಗೇ ಬಂದರು. ಬಯಲುಸೀಮೆಯ ಒಂದು ಖಾಸಗಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಕಾಲೇಜಿನ ಹೆಸರು ಇಲ್ಲಿ ಬೇಡ. ಹುಡುಗನಿಗೆ ಆಗ ಹದಿನೇಳು ವರ್ಷ, ದ್ವಿತೀಯ ಪಿಯುಸಿ. ಮನೆಯಲ್ಲಿ ‘ಓದಿದವರು’ ಎಂಬ ಲೆಕ್ಕದಲ್ಲಿ ನಮ್ಮನ್ನೂ ಕರೆಸಿದ್ದರು.

‘ಮೂರು ವರ್ಷ ಡಿಗ್ರಿ, ಫೀಸ್ ಇಲ್ಲ, ಹಾಸ್ಟೆಲ್, ಊಟ, ಶೂ, ಜೆರ್ಸಿ ಎಲ್ಲಾ ನಮ್ಮದು. ನೀವು ಒಂದು ರೂಪಾಯಿ ಕೊಡಬೇಕಾಗಿಲ್ಲ’ ಎಂದರು ಅವರು.

ನಮ್ಮ ತಂಗಿಯ ಗಂಡ ಒಂದು ತೋಟದಲ್ಲಿ ರೈಟರ್. ದಿನಾ ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಕೊಯ್ದ ಹಣ್ಣಿನ ತೂಕ ಬರೆಯುವುದೇ ಕೆಲಸ. ಬರೆಯದಿದ್ದರೆ ಸಂಜೆಗೆ ಜಗಳ ಎಂಬುದು ಅವರ ಇಪ್ಪತ್ತು ವರ್ಷಗಳ ಅನುಭವ. ಅವರು ಸಂಕೋಚದಿಂದಲೇ, ‘ಸರ್, ಇದನ್ನು ಒಂದು ಕಾಗದದಲ್ಲಿ ಬರೆದು ಕೊಟ್ಟರೆ...’ ಎಂದರು. ಬಂದವರು ಉತ್ತರಿಸುವ ಮುನ್ನವೇ ನಾವು ನಕ್ಕೆವು. ‘ಇಷ್ಟು ದೂರದಿಂದ ಮನೆ ಹುಡುಕಿಕೊಂಡು ಬಂದವರಿಂದ ಕಾಗದ ಕೇಳುವುದೇ?’ ಎಂದೆವು. ಭಾವಮೈದುನ ಸುಮ್ಮನಾದರು. ಚಹಾ ಬಂತು. ಮಾತು ಮುಗಿಯಿತು.

ಏಪ್ರಿಲ್‌ನಲ್ಲಿ ಇನ್ನೊಂದು ಕಾಲೇಜಿನಿಂದ ಫೋನ್ ಬಂತು. ಅದು ಹತ್ತಿರದ ಊರು, ಅರ್ಧ ಶುಲ್ಕ ಮಾಫಿ, ಪ್ರಾಂಶುಪಾಲರ ಸಹಿಯ ಪತ್ರ ಕೊಡಲೂ ಸಿದ್ಧ. ಭಾವಮೈದುನ ಒಪ್ಪಲಿಲ್ಲ. ‘ಅವರಿಗೆ ಜಬಾನ್ ಕೊಟ್ಟಾಗಿದೆ ಭಾಯ್ ಸಾಬ್’ ಎಂದರು. ನಾವು ಅವರ ಬೆನ್ನು ತಟ್ಟಿದೆವು.

ಮೊದಲ ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು. 2023ರ ಮಳೆಗಾಲದಲ್ಲಿ ಆ ನಿರ್ದೇಶಕರು ಕಾಲೇಜು ಬಿಟ್ಟು ಬೇರೆ ಕಡೆ ಕೆಲಸಕ್ಕೆ ಸೇರಿದರು. ಎರಡನೇ ವರ್ಷಕ್ಕೆ ಹೋದ ಹುಡುಗನ ಕೈಗೆ ಆಫೀಸಿನವರು ಶುಲ್ಕ ಮತ್ತು ಹಾಸ್ಟೆಲ್ ವೆಚ್ಚದ ಚೀಟಿ ಕೊಟ್ಟರು. ಅದು ಅವನ ತಂದೆಯ ಐದು ತಿಂಗಳ ಸಂಬಳ. ‘ಮೂರು ವರ್ಷ ಅಂತ ನಿಮಗೆ ಹೇಳಿದವರು ಯಾರು? ನಮ್ಮಲ್ಲಿ ಹಾಗೆ ಯಾವ ದಾಖಲೆಯೂ ಇಲ್ಲ’ ಎಂಬುದು ಅವರ ಉತ್ತರ. ಹಾಗಾದರೆ ಹುಡುಗನನ್ನು ಬಿಡಿಸಿಕೊಂಡು ಹೋಗುತ್ತೇವೆ ಎಂದರೆ, ಬಾಕಿ ಕಟ್ಟದೆ ವರ್ಗಾವಣೆ ಪತ್ರವಾಗಲೀ ಮೂಲ ಅಂಕಪಟ್ಟಿಗಳಾಗಲೀ ಸಿಗುವುದಿಲ್ಲ. ತಂಗಿಯ ಬಳೆ ಅಡವಿಟ್ಟು ಅವನ್ನು ಬಿಡಿಸಿಕೊಂಡು ಬಂದದ್ದಾಯಿತು. ಹುಡುಗನಿಗೆ ಒಂದು ವರ್ಷ ಹೋಯಿತು.

ಆಗ ನಮಗೆ ಅರಿವಾದ ಒಂದು ಸಂಗತಿಯಿದೆ. ನಾವು ಆ ಕಾಲೇಜಿಗೆ ಕೊಟ್ಟದ್ದೆಲ್ಲ ಕಾಗದದಲ್ಲಿತ್ತು: ಅಂಕಪಟ್ಟಿ, ವರ್ಗಾವಣೆ ಪತ್ರ, ಕ್ರೀಡಾ ಪ್ರಮಾಣಪತ್ರ, ತಂದೆಯ ಸಹಿಯಿದ್ದ ಅರ್ಜಿ. ಕಾಲೇಜು ನಮಗೆ ಕೊಟ್ಟದ್ದೆಲ್ಲ ಬಾಯಲ್ಲಿತ್ತು.

ನಾವು ಆ ನಿರ್ದೇಶಕರಿಗೆ ಫೋನ್ ಮಾಡಿದೆವು. ಅವರು ತಪ್ಪಿಸಿಕೊಳ್ಳಲಿಲ್ಲ. ‘ನಾನು ಹೇಳಿದ್ದು ನಿಜ ಸರ್. ಆಡಳಿತ ಮಂಡಳಿಯವರು ನನಗೂ ಹಾಗೆಯೇ ಹೇಳಿದ್ದರು. ನನಗೂ ಕಾಗದ ಕೊಟ್ಟಿರಲಿಲ್ಲ’ ಎಂದರು. ಅವರ ದನಿಯಲ್ಲಿ ನಾಚಿಕೆಯಿತ್ತು. ಸಿಟ್ಟು ತೋರಿಸಬೇಕೆಂದಿದ್ದ ನಮಗೆ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದಾಯಿತು. ಮಾತು ಕೊಟ್ಟ ಮನುಷ್ಯ ಸುಳ್ಳು ಹೇಳಿರಲಿಲ್ಲ. ಸಂಸ್ಥೆ ಮಾತನ್ನೇ ಆಡಿರಲಿಲ್ಲ. ಮೋಸ ಮಾಡಿದವರು ಯಾರೂ ಇಲ್ಲ, ಮೋಸಹೋದವರು ಮಾತ್ರ ಇದ್ದಾರೆ. ಇಂಥ ಸಂದರ್ಭದಲ್ಲಿ ಕೊಟ್ಟ ಮಾತು ಎಲ್ಲಿ ಉಳಿಯುತ್ತದೆ ಎಂಬುದೇ ನಮ್ಮನ್ನು ಕಾಡುತ್ತಿರುವ ಪ್ರಶ್ನೆ.

ಉರ್ದುವಿನಲ್ಲಿ ‘ಜಬಾನ್’ ಎಂದರೆ ನಾಲಿಗೆ, ಭಾಷೆ, ಕೊಟ್ಟ ಮಾತು ಮೂರೂ ಹೌದು. ಕನ್ನಡದಲ್ಲಿ ‘ಭಾಷೆ’ ಎಂದರೆ ಆಡುವ ನುಡಿಯೂ ಹೌದು, ಕೊಡುವ ವಚನವೂ ಹೌದು. ಎರಡು ಶಾಲೆಗಳಲ್ಲಿ ಎರಡು ಲಿಪಿ ಕಲಿತ ನಮಗೆ ಇದು ಆಕಸ್ಮಿಕವೆನಿಸುವುದಿಲ್ಲ. ಮನುಷ್ಯ ಮಾತನಾಡಬಲ್ಲ ಎಂಬುದಕ್ಕೂ ಮಾತಿಗೆ ನಿಲ್ಲಬಲ್ಲ ಎಂಬುದಕ್ಕೂ ನಮ್ಮ ಹಿರಿಯರು ಒಂದೇ ಪದ ಸಾಕೆಂದುಕೊಂಡಿದ್ದರು. ಆದರೆ ಆ ಪದ ಹುಟ್ಟಿದ್ದು ಎದುರುಬದುರು ಕುಳಿತ ಇಬ್ಬರ ನಡುವೆ. ಮಾತು ತಪ್ಪಿದವನು ಮರುದಿನ ಅದೇ ಸಂತೆಯಲ್ಲಿ, ಅದೇ ಮಸೀದಿಯ ಸಾಲಿನಲ್ಲಿ, ಅದೇ ಜಾತ್ರೆಯಲ್ಲಿ ಮುಖ ತೋರಿಸಬೇಕಿತ್ತು. ಆ ಮುಖವೇ ಮಾತಿಗೆ ಜಾಮೀನು. ಸಂಸ್ಥೆಗೆ ಮುಖವಿಲ್ಲ. ಅದಕ್ಕಿರುವುದು ಮುದ್ರೆ ಮಾತ್ರ.

ಕಾಫಿ ವ್ಯಾಪಾರ ಬಲ್ಲವರಿಗೆ ಇದು ಹೊಸತಲ್ಲ. ಹಿಂದೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು. 1992ರಿಂದ 1996ರ ನಡುವೆ ಹಂತಹಂತವಾಗಿ ಆ ಕಟ್ಟು ಸಡಿಲಗೊಂಡು ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಾಯಿತು. ಅಂದಿನಿಂದ ಎಷ್ಟೋ ವ್ಯವಹಾರ ಫೋನಿನ ಮೇಲೆ, ಬಾಯಿಮಾತಿನ ಮೇಲೆ, ಒಂದು ತುಂಡು ಚೀಟಿಯ ಮೇಲೆ ನಡೆಯುತ್ತಿದೆ. ಬೆಲೆ ಇಳಿದರೆ ಕೊಳ್ಳುವವನಿಗೆ ‘ಔಟರ್ನ್ ಕಡಿಮೆ ಬಂತು’ ಎಂಬ ನೆಪ ಸಿಗುತ್ತದೆ. ಬೆಲೆ ಏರಿದರೆ ಮಾರುವವನಿಗೆ ‘ಇನ್ನೂ ಒಣಗಿಲ್ಲ’ ಎಂಬ ನೆಪ ಸಿಗುತ್ತದೆ. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ ದೂರದ ವಿಯೆಟ್ನಾಂನಲ್ಲಿ ಮೊದಲೇ ಒಪ್ಪಿದ್ದ ಬೆಲೆಗೆ ಕಾಫಿ ಕೊಡದೆ ಅನೇಕ ಬೆಳೆಗಾರರೂ ಮಧ್ಯವರ್ತಿಗಳೂ ಹಿಂದೆ ಸರಿದರು. ಮಾತು ಮುರಿಯುವ ಚಟ ಒಂದು ಜಾತಿಗೆ, ಒಂದು ದೇಶಕ್ಕೆ ಸೇರಿದ್ದಲ್ಲ. ಮಾತು ಕೊಡುವ ದಿನದ ಬೆಲೆಗೂ ಅದನ್ನು ಪಾಲಿಸುವ ದಿನದ ಬೆಲೆಗೂ ನಡುವೆ ಅಂತರ ಹೆಚ್ಚಿದಷ್ಟೂ ಮಾತು ಸಣ್ಣದಾಗುತ್ತದೆ.

ಆಟಗಾರರ ವಿಷಯದಲ್ಲೂ ಹೀಗೆಯೇ. ನ್ಯಾಯವಾಗಿ ಹೇಳಬೇಕೆಂದರೆ, ಹುಡುಗರೂ ಎರಡು ಮೂರು ಕಡೆ ‘ಬರುತ್ತೇನೆ ಸರ್’ ಎಂದು ಹೇಳಿರುತ್ತಾರೆ. ನಮಗೆ ಪರಿಚಯದ ಒಬ್ಬ ದೈಹಿಕ ಶಿಕ್ಷಣ ಶಿಕ್ಷಕರು ಒಬ್ಬ ಹುಡುಗನಿಗಾಗಿ ಹಾಸ್ಟೆಲ್ಲಿನ ಜಾಗ ಕಾದಿರಿಸಿ, ಅವನಿಗಾಗಿ ಇನ್ನೊಬ್ಬನನ್ನು ವಾಪಸು ಕಳಿಸಿ, ಕೊನೆಗೆ ಅವನು ಬೇರೆ ಕಾಲೇಜಿನ ಜೆರ್ಸಿಯಲ್ಲಿ ಎದುರು ತಂಡದಲ್ಲಿ ನಿಂತದ್ದನ್ನು ಕಂಡವರು. ಆರು ಜನ ಬೇಕಾದಲ್ಲಿ ಹತ್ತು ಜನರಿಗೆ ಮಾತು ಕೊಡುವ ಅಭ್ಯಾಸ ಹೀಗೇ ಬೆಳೆಯುತ್ತದೆ. ಆದರೂ ಎರಡೂ ಕಡೆಯ ತಪ್ಪನ್ನು ಒಂದೇ ತಕ್ಕಡಿಯಲ್ಲಿ ತೂಗಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಹುಡುಗ ತಪ್ಪಿದರೆ ತಂಡಕ್ಕೆ ಒಬ್ಬ ಆಟಗಾರ ಕಡಿಮೆಯಾಗುತ್ತಾನೆ. ಕಾಲೇಜು ತಪ್ಪಿದರೆ ಒಂದು ಮನೆಯ ಲೆಕ್ಕವೇ ತಪ್ಪುತ್ತದೆ.

ಎಲ್ಲ ಸಂಸ್ಥೆಗಳೂ ಹೀಗೆಯೇ ಎಂದು ನಾವು ಹೇಳುತ್ತಿಲ್ಲ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಕ್ರೀಡಾಪಟುಗಳನ್ನು ದತ್ತು ಪಡೆದು ಓದಿಸುತ್ತಿರುವುದು ನಾಡಿಗೆ ಗೊತ್ತಿರುವ ವಿಷಯ. ಸರ್ಕಾರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳೂ ಇವೆ. ನಮ್ಮ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 2017ರಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಆಡಿದ್ದನ್ನು ಟಿವಿಯಲ್ಲಿ ನೋಡಿದ ತಂದೆತಾಯಿಗಳಿಗೆ ತಮ್ಮ ಮಗುವಿನ ಆಟದಲ್ಲೂ ಒಂದು ದಾರಿ ಕಂಡರೆ ಅದು ತಪ್ಪಲ್ಲ. ದಾರಿ ಕಾಣುವ ಆಸೆ ದೊಡ್ಡದಾದಷ್ಟೂ ಪ್ರಶ್ನೆ ಕೇಳುವ ಧೈರ್ಯ ಚಿಕ್ಕದಾಗುತ್ತದೆ ಎಂಬುದಷ್ಟೇ ನಮ್ಮ ಆತಂಕ.

ಕಾನೂನು ಏನೆನ್ನುತ್ತದೆ? 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಆದರೆ ಅದನ್ನು ಸಾಬೀತು ಮಾಡುವುದು ಹೇಗೆ? ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದ ಅಸಿಂಧು ಎಂದು 1903ರಲ್ಲೇ ಮೊಹರಿ ಬೀಬಿ ಮತ್ತು ಧರ್ಮದಾಸ್ ಘೋಷ್ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ಎಳೆಯರನ್ನು ಕಾಪಾಡುವುದು ಆ ನಿಯಮದ ಉದ್ದೇಶ. ನಮ್ಮ ಹುಡುಗನ ಪರವಾಗಿ ಅವನ ತಂದೆ ಹೋರಾಡಬಹುದಿತ್ತೇನೋ. ಆದರೆ ಒಬ್ಬ ತೋಟದ ರೈಟರ್ ಒಂದು ಕಪ್ ಚಹಾದ ಸಾಕ್ಷ್ಯ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತುತ್ತಾನೆಯೇ?

ಅಮೆರಿಕಾದಲ್ಲಿ ಕಾಲೇಜು ಕ್ರೀಡೆ ಒಂದು ದೊಡ್ಡ ಉದ್ಯಮ. ಅಲ್ಲಿಯೂ ಕೋಚ್‌ಗಳು ಶಾಲಾ ಮಕ್ಕಳಿಗೆ ಬಾಯಿಮಾತಿನ ಆಹ್ವಾನ ಕೊಡುತ್ತಾರೆ. ಮಕ್ಕಳು ಬಾಯಿಮಾತಿನಲ್ಲೇ ಒಪ್ಪಿಕೊಳ್ಳುತ್ತಾರೆ. ಅದು ಯಾರನ್ನೂ ಕಟ್ಟಿಹಾಕುವುದಿಲ್ಲ ಎಂಬುದು ಎರಡೂ ಕಡೆಯವರಿಗೆ ಗೊತ್ತು. ಅದಕ್ಕಾಗಿ 1964ರಲ್ಲಿ ‘ರಾಷ್ಟ್ರೀಯ ಒಪ್ಪಿಗೆ ಪತ್ರ’ ಎಂಬ ಲಿಖಿತ ಪದ್ಧತಿ ಬಂತು. ಅದರಲ್ಲಿಯೂ ಒಂದು ಕೊಕ್ಕೆಯಿತ್ತು. ಸಹಿ ಹಾಕಿದ ವಿದ್ಯಾರ್ಥಿ ಒಂದು ವರ್ಷ ಆ ಸಂಸ್ಥೆಗೆ ಬದ್ಧ. ಕರೆದು ತಂದ ಕೋಚ್ ಬಿಟ್ಟುಹೋದರೂ ಹುಡುಗ ಬಿಡುವಂತಿರಲಿಲ್ಲ, ಏಕೆಂದರೆ ಸಹಿ ಸಂಸ್ಥೆಗೆ ಹಾಕಿದ್ದು. ಅರವತ್ತು ವರ್ಷ ನಡೆದ ಆ ಪದ್ಧತಿಯನ್ನು 2024ರಲ್ಲಿ ಕೈಬಿಟ್ಟು, ಆರ್ಥಿಕ ನೆರವಿನ ಒಪ್ಪಂದದೊಳಗೇ ಅದನ್ನು ಸೇರಿಸಿದರು. ಇದರಿಂದ ನಮಗೆ ತಿಳಿಯುವುದಿಷ್ಟು: ಕಾಗದ ಒಂದೇ ನ್ಯಾಯವಲ್ಲ. ಬಲವಿದ್ದವನು ಬರೆದರೆ ಕಾಗದವೂ ಬಲವಿದ್ದವನ ಕಡೆಗೇ ವಾಲುತ್ತದೆ.

ಈ ಜಾಗದಲ್ಲಿ ನಮಗೆ ನೆನಪಾಗುವುದು ಕುರ್‌ಆನಿನ ಎರಡನೇ ಅಧ್ಯಾಯದ 282ನೇ ವಚನ. ಇಡೀ ಗ್ರಂಥದಲ್ಲೇ ಅತಿ ದೀರ್ಘವಾದ ವಚನವದು. ಅದರ ವಿಷಯ ನಮಾಜ್ ಅಲ್ಲ, ಉಪವಾಸವೂ ಅಲ್ಲ. ಗಡುವಿನ ಸಾಲವನ್ನು ಬರೆದಿಡಬೇಕು ಎಂಬುದು. ಮೊತ್ತ ಚಿಕ್ಕದೆಂದು ಬರೆಯಲು ಬೇಸರಿಸಬಾರದು, ಸಾಕ್ಷಿಗಳಿರಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು ಎಂಬ ಸೂಚನೆಗಳು ಅಲ್ಲಿವೆ. ನಮ್ಮನ್ನು ತಡೆದು ನಿಲ್ಲಿಸುವುದು ಇನ್ನೊಂದು ಸೂಚನೆ: ಯಾರ ಮೇಲೆ ಹೊಣೆಯಿದೆಯೋ ಅವನೇ ಹೇಳಿ ಬರೆಸಬೇಕು. ಹೊಣೆ ಹೊತ್ತವನ ಬಾಯಿಂದಲೇ ಹೊಣೆಯ ಅಳತೆ ಹೊರಡಬೇಕು. ಬರೆಸಿಕೊಳ್ಳುವುದು ಅಪನಂಬಿಕೆಯ ಗುರುತು ಎಂಬ ಭಾವನೆ ಅಲ್ಲೆಲ್ಲೂ ಇಲ್ಲ. ಮರುವಚನದಲ್ಲೇ ನಂಬಿಕೆಯ ಮಾತೂ, ಅಮಾನತ್ತಿನ ಮಾತೂ ಬರುತ್ತದೆ. ನಂಬಿಕೆ ಮತ್ತು ಬರವಣಿಗೆ ಅಲ್ಲಿ ಅಕ್ಕಪಕ್ಕದ ಮನೆಗಳು. ಇದನ್ನು ಬಾಲ್ಯದಿಂದ ಓದುತ್ತ ಬಂದ ನಾವೇ ಆ ಬೆಳಿಗ್ಗೆ, ಕಾಗದ ಕೇಳಿದ ಮನುಷ್ಯನನ್ನು ನೋಡಿ ನಕ್ಕವರು.

ಏಕೆ ನಕ್ಕೆವು? ಯೋಚಿಸಿದರೆ ಉತ್ತರ ಹಿತವಾಗಿಲ್ಲ. ದೊಡ್ಡವರ ಎದುರು ಸಣ್ಣವರಂತೆ ಕಾಣಬಾರದೆಂಬ ಆಸೆ. ಕಾಗದ ಕೇಳುವುದು ಬಡವರ ಅನುಮಾನ, ನಂಬುವುದು ಸುಸಂಸ್ಕೃತರ ಲಕ್ಷಣ ಎಂಬ ಒಣ ಜಂಬ. ಆ ಜಂಬದ ಬೆಲೆ ಕೊಟ್ಟವರು ನಾವಲ್ಲ.

ಪುಣ್ಯಕೋಟಿಯ ಕಥೆಯನ್ನು ಕನ್ನಡ ಶಾಲೆಯಲ್ಲಿ ಓದಿದ ಪ್ರತಿ ಮಗುವೂ ಬಲ್ಲದು. ಹುಲಿಗೆ ಕೊಟ್ಟ ಮಾತಿಗೆ ಹಸು ಜೀವ ಒಪ್ಪಿಸಲು ಮರಳಿ ಬರುತ್ತದೆ. ಎರಡನೇ ಕಾಲೇಜಿಗೆ ‘ಇಲ್ಲ’ ಎಂದ ನಮ್ಮ ಭಾವಮೈದುನರಲ್ಲಿ ನಾವು ಕಂಡದ್ದು ಆ ಹಸುವನ್ನೇ. ಆದರೆ ಆ ಕಥೆಯಲ್ಲಿ ಹುಲಿಗೂ ನಾಚಿಕೆಯಾಗುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಬಲವಿಲ್ಲದವರಿಗೆ ಮಾತು ಉಳಿಸಿಕೊಳ್ಳುವ ಪಾಠವನ್ನು ನಾವು ನೂರು ಸಲ ಹೇಳಿದ್ದೇವೆ. ಬಲವಿದ್ದವರಿಗೆ ಆ ಪಾಠ ಹೇಳುವ ತರಗತಿ ಯಾವುದು?

ನಾವು ಕೇಳುವುದು ದೊಡ್ಡದೇನಲ್ಲ. ಆಟಗಾರನನ್ನು ಕರೆಯುವ ಕಾಲೇಜು ತನ್ನ ಲೆಟರ್‌ಹೆಡ್‌ನಲ್ಲಿ ಒಂದು ಪುಟ ಬರೆದು ಕೊಡಲಿ. ಎಷ್ಟು ವರ್ಷ, ಏನೇನು ಉಚಿತ, ಮೊಣಕಾಲು ಮುರಿದು ಆಡಲಾಗದಿದ್ದರೆ ಏನು, ಕರೆತಂದವರು ಕೆಲಸ ಬಿಟ್ಟರೆ ಏನು, ಮೂಲ ದಾಖಲೆಗಳು ಯಾವಾಗ ವಾಪಸು ಎಂಬ ಐದು ಪ್ರಶ್ನೆಗಳಿಗೆ ಉತ್ತರವೂ, ಕೆಳಗೆ ಪ್ರಾಂಶುಪಾಲರ ಸಹಿ ಮತ್ತು ಮುದ್ರೆಯೂ ಇರಲಿ. ಹುಡುಗನ ಮನೆಯವರೂ ಅಂಥ ಪತ್ರ ಕೈಗೆ ಬಂದ ಮೇಲೆ ಇನ್ನೊಂದು ಕಡೆಗೆ ‘ಬರುತ್ತೇನೆ’ ಎನ್ನದಿರಲಿ. ಬರೆದು ಕೊಡಲು ಹಿಂಜರಿಯುವವರು ಏನನ್ನು ಕೊಡಲು ಹಿಂಜರಿಯುತ್ತಿದ್ದಾರೆ ಎಂಬುದು ಆ ಕ್ಷಣವೇ ತಿಳಿಯುತ್ತದೆ. ನೇರವಾಗಿ ನಡೆಯುವವರಿಗೆ ಇದರಿಂದ ನಷ್ಟವಿಲ್ಲ.

ನಮ್ಮ ಹುಡುಗ ಮರುವರ್ಷ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರಿದ. ಈಗಲೂ ಆಡುತ್ತಾನೆ. ಕಳೆದ ಸೀಸನ್ನಿನಲ್ಲಿ ಅವನ ಜೊತೆ ಆಡುವ ಒಬ್ಬ ಎಳೆಯ ಹುಡುಗನನ್ನು ಯಾವುದೋ ಕಾಲೇಜಿನವರು ಕೇಳಿಕೊಂಡು ಬಂದರಂತೆ. ಆ ಹುಡುಗನ ತಂದೆ ನಮ್ಮ ಭಾವಮೈದುನರನ್ನು ಜೊತೆಗೆ ಕೂರಲು ಕರೆದರು. ಭಾವಮೈದುನ ನಮಗೂ ಫೋನ್ ಮಾಡಿದರು.

‘ನೀವೂ ಬನ್ನಿ ಭಾಯ್ ಸಾಬ್’ ಎಂದರು. ‘ಈ ಸಲ ನಾನು ಕಾಗದ ಕೇಳುವಾಗ ನಗಬೇಡಿ.’

ನಾವು ಹೋದೆವು. ಜೇಬಿನಲ್ಲಿ ಪೆನ್ ಇಟ್ಟುಕೊಂಡೇ ಹೋದೆವು.