ನಮ್ಮ ತಪ್ಪೂ ಇದೆಯೇ?



ರೋಹಿಣಿ ನದಿ ನೀರಿನ ಜಗಳದಲ್ಲಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟಾಗ, ಸಿದ್ಧಾರ್ಥರು ಸಂಘದ ಸಭೆಯಲ್ಲೇ ಎದ್ದುನಿಂತು ವಿರೋಧಿಸಿದರು. ನಮ್ಮವರ ತಪ್ಪೂ ಇರಬಹುದು, ಮೊದಲು ವಿಚಾರಿಸೋಣ ಎಂದರು. ಎರಡೂ ಕಡೆಯ ಇಬ್ಬಿಬ್ಬರು, ಆ ನಾಲ್ವರು ಆರಿಸಿದ ಐದನೆಯವರು ಸೇರಿ ತೀರ್ಮಾನಿಸಲಿ ಎಂದರು. ಬಹುಮತ ಒಪ್ಪಲಿಲ್ಲ. ಅವರು ಮನೆ ಬಿಡಬೇಕಾಗಿ ಬಂದದ್ದು ಇದರಿಂದಲೇ ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬರೆದಿದ್ದಾರೆ.

ಅವಮಾನ ನುಂಗಿ ಸುಮ್ಮನಿರುವುದನ್ನು ನಮಗೆ ತಲೆಮಾರುಗಳಿಂದ ಕಲಿಸಿದ್ದರು. ಅದು ಶಾಂತಿಯಲ್ಲ. ಸಿದ್ಧಾರ್ಥರು ಸುಮ್ಮನಿರಲಿಲ್ಲ, ದ್ವೇಷವನ್ನೂ ಹಿಡಿಯಲಿಲ್ಲ.

ಅಣ್ಣತಮ್ಮಂದಿರ ಜಗಳವಿರಲಿ, ವಿಹಾರದ ಸಭೆಯ ಮನಸ್ತಾಪವಿರಲಿ, ಇವತ್ತು ಉತ್ತರ ಕೊಡುವ ಮೊದಲು ಒಂದು ಉಸಿರನ್ನು ಗಮನಿಸೋಣ. ಇದರಲ್ಲಿ ನನ್ನ ತಪ್ಪೆಷ್ಟು ಎಂದು ಕೇಳಿಕೊಳ್ಳೋಣ. ಆಮೇಲೆ ನ್ಯಾಯದ ಮಾತನ್ನು ತಲೆಯೆತ್ತಿಯೇ ಆಡೋಣ.

ಭವತು ಸಬ್ಬ ಮಂಗಲಂ.